‘ನೀರು ಬಿಡಿ’ ಅಂದಿದ್ದೇ ತಪ್ಪಾಯಿತು

ಮೊದಲೇ ಆಣೆ ಇಟ್ಟು ಹೇಳಿಬಿಡುವುದು ಮೇಲು: ಇಲ್ಲಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪೊಲೀಸಪ್ಪನ ಕಾಲಿನ ವಿಷಯ ಬಂದಾಗ ನಿಮಗೆ ಅನುಮಾನ ಬರುತ್ತದೆ, ಬರಲಿ. ಅದೂ ನಿಜವೇ. ಹೇಳಿದವರು ಇಪ್ಪತ್ತೆರಡು ವರ್ಷದಿಂದ ಊರವರ ನೀರನ್ನೆಲ್ಲ ತಿಳಿ ಮಾಡಿಕೊಂಡು ಬಂದವರು. ಅಂಥವರ ಮಾತು ಕದಡಿರಲು ಸಾಧ್ಯವೇ?

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಎತ್ತರದ ಗೋಡೆಯ ಮನೆಯೊಂದರ ಹಿಂದಿನ ಗೇಟನ್ನು ಕಿರ್ರೆನ್ನದ ಹಾಗೆ ಎರಡು ಬೆರಳಿನಲ್ಲಿ ಎತ್ತಿ ಸರಿಸಿ ತಿಳಿಯಣ್ಣ ಒಳಗೆ ಬರುತ್ತಾರೆ. ಹೆಗಲ ಮೇಲೆ ಹದಿನಾರು ಅಡಿಯ ಕೋಲು, ಅದರ ತುದಿಗೆ ಬಲೆ, ಕೊರಳಿಗೆ ಸುತ್ತಿಕೊಂಡ ನೀಲಿ ಪೈಪು. ದೂರದಿಂದ ನೋಡಿದರೆ ಹೆಬ್ಬಾವನ್ನು ಹೊತ್ತುಕೊಂಡು ಚಿಟ್ಟೆ ಹಿಡಿಯಲು ಹೊರಟವರ ಹಾಗೆ ಕಾಣುತ್ತಾರೆ. ಈಜುಕೊಳದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನೀರಿಗೆ ಎರಡು ಬೆರಳು ಅದ್ದಿ, ಮೂಸುತ್ತಾರೆ. ಆಮೇಲೆ ಮೂಲೆಯ ಗೂಡಿಗೆ ಹೋಗಿ ಮೋಟರಿನ ಸ್ವಿಚ್ಚು ಒತ್ತುತ್ತಾರೆ. ಮೋಟರು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ‘ಹೂಂ...’ ಎಂದು ಶುರುಮಾಡುತ್ತದೆ.

“ಕೇಳು ಮತ್ತೆ,” ಎನ್ನುತ್ತಾರೆ ತಿಳಿಯಣ್ಣ. ಮೋಟರಿಗೆ. ಮುಂದಿನದು ನಮಗೆ.

“ಕಥೆ ಹೇಳೋವಾಗ ಎದುರಿಗಿರೋರು ಹೂಂ ಅನ್ಬೇಕು. ಹೂಂಗುಟ್ಟೋರಿಲ್ದೆ ಇದ್ರೆ ಕಥೆ ಮುಂದಕ್ಕೇ ಹೋಗಲ್ಲ. ಇದು ನೋಡಿ, ಎಂಟು ಗಂಟೆ ಬೇಕಾದ್ರೂ ಹೂಂ ಅನ್ನತ್ತೆ. ನಡುವೆ ಎದ್ದು ಹೋಗೋದೂ ಇಲ್ಲ. ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದಾರಲ್ಲ, ಪಾಪ.”

ದಿನಕ್ಕೆ ಏಳು ಈಜುಕೊಳ. ಸೈಕಲ್ಲಿನಲ್ಲಿ ಹದಿನಾಲ್ಕು ಕಿಲೋಮೀಟರು. ಬಲೆಗೆ ಬರುವ ಎಲೆ ಸರಾಸರಿ ಮೂರು ಬಕೆಟ್ಟು, ಗಾಳಿಗಾಲದಲ್ಲಿ ಒಂಬತ್ತು. ಇವರು ಬರುವಾಗ ಮನೆಗಳು ಮಲಗಿರುತ್ತವೆ, ಅವು ಏಳುವ ಹೊತ್ತಿಗೆ ಇವರು ಹೋಗಿರುತ್ತಾರೆ. ಏಳು ಮನೆಗಳಲ್ಲಿ ಯಜಮಾನರ ಮುಖ ಕಂಡಿರುವುದು ಎರಡರಲ್ಲಿ. ಉಳಿದವರನ್ನೆಲ್ಲ ತಿಳಿಯಣ್ಣ ತಳದಲ್ಲಿ ಸಿಕ್ಕಿದ್ದರಿಂದ ಗುರುತು ಹಿಡಿಯುತ್ತಾರೆ. ಎರಡನೇ ಮನೆಯ ಮಗಳು ಹಲ್ಲು ಬೀಳುವ ವಯಸ್ಸಿನಿಂದ ಹೇರ್‌ಕ್ಲಿಪ್ಪಿನ ವಯಸ್ಸಿಗೆ ಬಂದದ್ದು ಅವರಿಗೆ ಗೊತ್ತು. ಹುಡುಗಿಯನ್ನು ನೋಡಿಲ್ಲ. ನಾಲ್ಕನೇ ಮನೆಯ ತಳದಲ್ಲಿ ಒಮ್ಮೆ ಉಂಗುರ ಸಿಕ್ಕಿತು. ಒರೆಸಿ ಕಿಟಕಿಯ ಮೇಲೆ ಇಟ್ಟು ಬಂದರು. ಮರುದಿನ ಉಂಗುರ ಮತ್ತೆ ತಳದಲ್ಲಿತ್ತು. ಮತ್ತೆ ಕಿಟಕಿಯ ಮೇಲಿಟ್ಟರು. ಮತ್ತೆ ತಳಕ್ಕೆ ಬಂತು.

“ಮೂರನೇ ಸಲ ಅರ್ಥ ಆಯ್ತು. ಈಗ ಅದರ ಸುತ್ತ ಗುಡಿಸ್ತೀನಿ.”

ತಿಳಿಯಣ್ಣ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಕೆಲಸ ಮುಗಿದ ಮೇಲೆ ನೀರಿನತ್ತ ಕೈ ಮಾಡಿ ‘ತಿಳೀತಾ?’ ಎನ್ನುವುದು ಅವರ ರೂಢಿ. ನೀರು ತಿಳಿಯಾಯಿತೇ ಎಂದು ಕೇಳುತ್ತಿದ್ದಾರೋ, ಹೇಳಿದ್ದು ನಿಮಗೆ ಅರ್ಥವಾಯಿತೇ ಎಂದು ಕೇಳುತ್ತಿದ್ದಾರೋ ಯಾರಿಗೂ ತಿಳಿಯದು. ವಯಸ್ಸು ಐವತ್ಮೂರು. ಬೀಗ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ ಅವರ ಮನೆ. ಅಲ್ಲಿ ಕುರ್ಚಿ ಎರಡಿವೆ. ಒಂದರ ಮೇಲೆ ಅವರು ಕೂರುತ್ತಾರೆ, ಇನ್ನೊಂದರ ಮೇಲೆ ಪೈಪು.

ಕ್ಲೋರಿನ್ನಿಗೆ ಬೆರಳ ತುದಿಗಳ ಗೆರೆಗಳು ಅಳಿಸಿಹೋಗಿವೆ. ಎಲ್ಲೋ ಹೆಬ್ಬೆಟ್ಟಿನ ಗುರುತು ಒತ್ತಿಸಲು ಹೋದರೆ ಯಂತ್ರ ಮೂರು ಸಲ ‘ಮತ್ತೆ ಪ್ರಯತ್ನಿಸಿ’ ಎಂದಿತಂತೆ. “ಯಂತ್ರದ ಲೆಕ್ಕದಲ್ಲಿ ನಾನು ಇಲ್ಲ. ‘ಇದ್ದೀನಿ ಸ್ವಾಮಿ’ ಅಂದೆ. ‘ನೀವು ಹೇಳಿದ್ರೆ ಆಗಲ್ಲ, ಬೆರಳು ಹೇಳ್ಬೇಕು’ ಅಂದ್ರು.”

ಈಗ ಆ ಪೊಲೀಸಪ್ಪನ ಕಥೆ. ಬಹಳ ಹಿಂದೆ ಒಂದು ಮನೆಯ ನೀರನ್ನು ತಿಳಿಯಣ್ಣ ಎಷ್ಟು ತಿಳಿ ಮಾಡಿದರು ಎಂದರೆ, ಬೆಳಗ್ಗೆ ಎದ್ದ ಯಜಮಾನರಿಗೆ ನೀರೇ ಕಾಣಲಿಲ್ಲ. ಕೊಳದ ನೀರು ಕಳುವಾಗಿದೆ ಎಂದು ದೂರು ಕೊಟ್ಟರು. ಪೊಲೀಸಪ್ಪ ಪುಸ್ತಕ ಹಿಡಿದು ಬಂದ. ಎಷ್ಟು ಲೀಟರು? ಐವತ್ತು ಸಾವಿರ. ಬಣ್ಣ? ಇರಲಿಲ್ಲ. ಯಾರ ಮೇಲಾದರೂ ಅನುಮಾನ? ಪಕ್ಕದ ಮನೆಯವರ ಮೇಲೆ, ಅವರ ಗಿಡಗಳು ಇತ್ತೀಚೆಗೆ ತುಂಬ ಹಸಿರಾಗಿವೆ. ಪೊಲೀಸಪ್ಪ ಎಲ್ಲ ಬರೆದುಕೊಂಡು, ‘ತಳದಲ್ಲಿ ಹೆಜ್ಜೆ ಗುರುತು ಇದೆಯಾ ನೋಡೋಣ’ ಎಂದು, ಬೂಟು ಹಾಕಿದ ಬಲಗಾಲನ್ನು ಎತ್ತಿ...

ಇಷ್ಟು ಹೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಾರೆ. ಕುಕ್ಕರು ಕೂಗುತ್ತದೆ, ಫೋನು ಬರುತ್ತದೆ, ಸ್ಕೂಲ್ ಬಸ್ಸು ಹಾರ್ನ್ ಹೊಡೆಯುತ್ತದೆ. ತೋಟದ ಮಾಲಿಗೆ ಹೇಳಿದ್ದಾರೆ, ಪತ್ರಿಕೆ ಹಾಕುವವನಿಗೆ ಹೇಳಿದ್ದಾರೆ, ಕಾವಲುಗಾರನಿಗೆ ಆರು ಸಲ ಹೇಳಿದ್ದಾರೆ. ಕಾವಲುಗಾರ ಎದ್ದು ಹೋಗುವ ಹಾಗಿಲ್ಲ. ಅದಕ್ಕೆ ನಿದ್ದೆ ಹೋದ.

“ಆ ಪೊಲೀಸಪ್ಪ ಎತ್ತಿದ ಕಾಲು ಇಪ್ಪತ್ತು ವರ್ಷದಿಂದ ಗಾಳೀಲೇ ಇದೆ. ಅವನಿಗೂ ನೋಯಲ್ವಾ? ಒಂದ್ಸಲ ಯಾರಾದ್ರೂ ಕೂತು ಕೇಳಿದ್ರೆ ಇಳಿಸಿಬಿಡ್ತೀನಿ. ಬೇರೇನೂ ಬೇಡ ನನಗೆ.”

ಹೆಂಡತಿ ಕೇಳುತ್ತಿದ್ದರು. ಅಂದರೆ, ಕೇಳಲು ಶುರುಮಾಡುತ್ತಿದ್ದರು. ದಿನವೆಲ್ಲ ಹೊಲಿಗೆ ಯಂತ್ರ ತುಳಿದು ಬಂದವರು, ‘ಹೂಂ, ಹೂಂ’ ಎನ್ನುತ್ತಲೇ ಯಜಮಾನರು ದೂರು ಕೊಡುವಷ್ಟರಲ್ಲಿ ಗೊರಕೆ. ಮರುದಿನ ‘ಎಲ್ಲಿಗೆ ಬಂದಿತ್ತು?’ ಎಂದು ಅವರೇ ಕೇಳಿ, ಮೊದಲಿಂದ ಹೇಳಿಸಿ, ಮತ್ತೆ ಅಲ್ಲೇ ಮಲಗುತ್ತಿದ್ದರು.

“ಆರು ವರ್ಷದ ಹಿಂದೆ ಆಸ್ಪತ್ರೇಲೂ ಹೇಳ್ತಾ ಇದ್ದೆ. ಆ ಸಲ ಚೆನ್ನಾಗಿ ಕೇಳಿದ್ಲು. ಪೊಲೀಸಪ್ಪ ಬಂದ, ಹೂಂ ಅಂದ್ಲು. ಬಣ್ಣ ಕೇಳ್ದ, ಹೂಂ ಅಂದ್ಲು. ಕಾಲು ಎತ್ತಿದ ಅಂದೆ. ಹೂಂ ಅನ್ಲಿಲ್ಲ.” ತಿಳಿಯಣ್ಣ ಬಲೆಯನ್ನು ನೆಲಕ್ಕೆ ಬಡಿದು ಎಲೆ ಉದುರಿಸುತ್ತಾರೆ. “ನಿದ್ದೆ ಬಂತು ಅಂದ್ಕೊಂಡೆ.”

ಹೆಂಡತಿಯ ಸ್ವೆಟರಿನ ದೊಡ್ಡ ಕಪ್ಪು ಗುಂಡಿಯೊಂದು ಅವರ ಅಂಗಿಯ ಜೇಬಿನಲ್ಲಿದೆ. ಅದು ನೆನಪಿಗಲ್ಲ, ಕೆಲಸಕ್ಕೆ. ಕೊಳದ ಆಳವಾದ ಕಡೆ ಗುಂಡಿಯನ್ನು ಹಾಕಿ ಮೇಲಿಂದ ನೋಡುತ್ತಾರೆ. ಗುಂಡಿ ಕಾಣದಿದ್ದರೆ ನೀರು ಕೆಟ್ಟಿದೆ. ಕಂಡರೆ ಪರವಾಗಿಲ್ಲ. ಗುಂಡಿಯ ನಾಲ್ಕು ತೂತುಗಳನ್ನು ಎಣಿಸಲು ಬಂದರೆ ನೀರು ತಿಳಿ. ಆಮೇಲೆ ಬಲೆಯಿಂದ ಎತ್ತಿ, ಒರೆಸಿ, ಮತ್ತೆ ಜೇಬಿಗೆ.

ಕಳೆದ ಸೋಮವಾರ ಎಂಟನೆಯ ಮನೆಯೊಂದು ಸೇರಿತು. ಫೋನಿನಲ್ಲಿ ಒಬ್ಬ ಹೆಂಗಸು, “ಈಜುಕೊಳ ತೊಳೆಯೋರು ಲೈನಲ್ಲಿ ಇದ್ದೀರಾ? ಮಾತಾಡಿ,” ಎಂದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯ ನಂತರ ಬಹಳ ಹುಡುಕಿ ಮೆಟ್ಟಿಲಿಲ್ಲದ ಮನೆ ಕೊಂಡರು. ಕೊಂಡ ಮೇಲೆ ಹಿತ್ತಲಿನ ಬಾಗಿಲು ತೆಗೆದರೆ ಅಲ್ಲಿ ಈಜುಕೊಳ, ಅದಕ್ಕೆ ಐದು ಮೆಟ್ಟಿಲು. ಆಪರೇಟರಮ್ಮನಿಗೆ ಈಜು ಬಾರದು. ಗಂಡನಿಲ್ಲ, ಮಕ್ಕಳಿಲ್ಲ. ನೀರು ಮೊದಲು ಹಸಿರಾಗಿತ್ತು. ಅಂಗಡಿಯವನು ಹೇಳಿದ ಪುಡಿ, ಹೇಳದ ಪುಡಿ, ಪಕ್ಕದ ಮನೆಯವರು ಕೊಟ್ಟ ದ್ರಾವಣ ಎಲ್ಲವನ್ನೂ ಒಂದೇ ದಿನ ಸುರಿದರು. ಈಗ ಬೆಳ್ಳಗಾಗಿತ್ತು. ಹಾಲಿನ ಕೆರೆ.

ತಿಳಿಯಣ್ಣ ಕೂತು, ಬೆರಳದ್ದಿ, ಮೂಸಿದರು.

“ಅಮ್ಮಾ, ಪಾಚೀನ ಕೊಂದಿದ್ದೀರಿ. ಹೆಣ ಎತ್ತಿಲ್ಲ, ಅಷ್ಟೇ.”

“ಏನಪ್ಪಾ ಬೆಳಬೆಳಗ್ಗೆ ಹೆಣ ಗಿಣ ಅಂತೀಯಾ!”

“ಆ ಬಿಳೀದೆಲ್ಲ ಸತ್ತ ಪಾಚಿ, ಹೆಚ್ಚಾದ ಪುಡಿ. ಮೋಟ್ರು ದಿನಕ್ಕೆ ಎಷ್ಟೊತ್ತು ಹಾಕ್ತೀರಿ?”

“ಸದ್ದು ಮಾಡತ್ತೆ ಅಂತ ಅರ್ಧ ಗಂಟೆ.”

“ಅದು ಸದ್ದಲ್ಲಮ್ಮ, ಹೂಂ ಅನ್ನೋದು. ಇನ್ನು ಎರಡು ದಿನ ನಿಲ್ಲಿಸ್ಬೇಡಿ. ಪುಡಿ ಒಂದು ಚಿಟಿಕೇನೂ ಹಾಕ್ಬೇಡಿ. ಡಬ್ಬ ಎಲ್ಲ ಎಲ್ಲಿದೆ? ಕೊಡಿ ಇಲ್ಲಿ.”

ಹನ್ನೊಂದು ಡಬ್ಬಗಳನ್ನು ತಿಳಿಯಣ್ಣ ಸೈಕಲ್ಲಿಗೆ ಕಟ್ಟಿದರು. ನೀರನ್ನು ಪುಟ್ಟ ಸೀಸೆಯಲ್ಲಿ ತೆಗೆದು ಕೆಂಪು ಹನಿ ಬಿಟ್ಟು, ಬಣ್ಣದಿಂದ ನೀರಿನ ಹದ ನೋಡಿದರು. ಸೋಸುವ ಮರಳಿನ ಡ್ರಮ್ಮಿಗೆ ನೀರನ್ನು ತಿರುಗುಮುರುಗು ಹರಿಸಿ ತೊಳೆದರು. ಮೊದಲು ಗಂಜಿಯಂಥದು ಬಂತು, ಆಮೇಲೆ ಮಜ್ಜಿಗೆಯಂಥದು. ಆಪರೇಟರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಶನಿವಾರ ಬೆಳಗ್ಗೆಗೆ ಆಗತ್ತಾ?”

“ಶನಿವಾರ ಏನು ವಿಶೇಷ?”

“ಅಕ್ಕ ಬರ್ತಾಳೆ. ಹದಿನೆಂಟು ವರ್ಷದಿಂದ ಮಾತಿಲ್ಲ ನಮಗೆ. ಮಂಡಿ ನೋವಂತೆ, ನೀರಲ್ಲಿ ನಡೀಬೇಕು ಅಂದಿದ್ದಾರಂತೆ ಡಾಕ್ಟ್ರು. ‘ನನ್ನ ಮನೇಲಿ ಕೊಳ ಇದೆ’ ಅಂತ ಒಂದು ಸಾಲು ಬರೆದಿದ್ದೆ. ‘ನೀರು ಚೆನ್ನಾಗಿದ್ರೆ ಇಳೀತೀನಿ, ಇಲ್ದಿದ್ರೆ ಹಾಗೇ ವಾಪಸ್’ ಅಂತ ಬರೆದಿದ್ದಾಳೆ. ಅವಳು ಹೇಳಿದ್ರೆ ಮಾಡೋಳು. ಚಿಕ್ಕಂದಿನಲ್ಲೂ ಅಷ್ಟೇ, ಕದಡಿದ ನೀರಿಗೆ ಕಾಲಿಡ್ತಿರ್ಲಿಲ್ಲ.”

ಗುರುವಾರ ಸಂಜೆಗೆ ಹಾಲು ನೀರುಮಜ್ಜಿಗೆಯಾಗಿತ್ತು. ಇನ್ನುಳಿದದ್ದು ಮರಳಿಗೂ ಸಿಗದಷ್ಟು ನುಣ್ಣಗಿನ ಬಿಳುಪು. ಅದಕ್ಕೆ ಮದ್ದು ಪಟಿಕ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಪಟಿಕದ ನೀರು ಬಿದ್ದರೆ ಬಿಳುಪೆಲ್ಲ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಬೆಳಗಾಗುವಷ್ಟರಲ್ಲಿ ಕಂಬಳಿಯ ಹಾಗೆ ತಳಕ್ಕೆ ಕೂರುತ್ತದೆ. ಒಂದೇ ಷರತ್ತು. ಮೋಟರು ಆರಿಸಿರಬೇಕು, ನೀರನ್ನು ಯಾರೂ ಮುಟ್ಟಬಾರದು. ತಿಳಿಯಣ್ಣ ಎರಡೂವರೆ ಕೆ.ಜಿ. ಪಟಿಕ ಕರಗಿಸಿ ಸುತ್ತಲೂ ಸುರಿದು, ಮೋಟರು ಆರಿಸಿ, ಸೈಕಲ್ ಹತ್ತುತ್ತ ಹೇಳಿದ್ದು ಇಷ್ಟು:

“ನನ್ನ ಕೆಲಸ ಆಯ್ತಮ್ಮ. ಇನ್ನು ನೀರು ಬಿಡಿ. ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಬಂದು ನೋಡ್ತೀನಿ.”

ಶುಕ್ರವಾರ ಬೆಳಗ್ಗೆ ಬಂದು ನೋಡಿದರೆ ಗೇಟಿನ ಹೊರಗೇ ಚಪ್ಪಲಿ ಒದ್ದೆಯಾಯಿತು. ಹಿತ್ತಲು ಕೆರೆ. ಕೊಳ ತುಂಬಿ ತುಳುಕುತ್ತಿತ್ತು. ಗೋಡೆಯ ನಲ್ಲಿಗೆ ಸಿಕ್ಕಿಸಿದ ಪೈಪು ಕೊಳದೊಳಗೆ ಬುಸುಬುಸು ಎನ್ನುತ್ತಿತ್ತು. ಕೂತ ಕಂಬಳಿ ಎದ್ದು ಕುಣಿಯುತ್ತಿತ್ತು. ಮತ್ತೆ ಹಾಲು.

“ನೀರು ಯಾಕಮ್ಮ ಬಿಟ್ರಿ?”

“ನೀನೇ ಹೇಳಿದ್ದು! ‘ನೀರು ಬಿಡಿ, ರಾತ್ರಿಯೆಲ್ಲ ಬಿಡಿ’ ಅಂದೆ. ಬಿಟ್ಟೆ. ಎರಡು ಸಲ ಎದ್ದು ಬಂದು ನಲ್ಲಿ ಜೋರಾಗಿದೆಯಾ ಅಂತ ಬೇರೆ ನೋಡಿದೆ.”

“ಬಿಡಿ ಅಂದ್ರೆ ಹಾಗಲ್ಲಮ್ಮ! ಬಿಟ್ಟುಬಿಡಿ ಅಂತ. ಹಾಗೇ ಬಿಡಿ, ಅದರ ಪಾಡಿಗೆ ಬಿಡಿ ಅಂತ!”

“ಹಾಗಂತ ಹೇಳ್ಬೇಕು. ಮೂವತ್ತನಾಲ್ಕು ವರ್ಷ ಅಕ್ಷರ ಅಕ್ಷರ ಕೇಳಿಸ್ಕೊಂಡು ಕೆಲಸ ಮಾಡಿದೋಳು ನಾನು. ಬಿಡಿ ಅಂದ್ರೆ ಬಿಡಿ.”

ಹಾಲು ಬಿಡು, ಬಸ್ಸು ಬಿಡು, ಸಿಗರೇಟು ಬಿಡು, ಹೂ ಬಿಡು. ಒಂದೇ ಮಾತು, ಒಂದರಲ್ಲಿ ಬರುತ್ತದೆ, ಒಂದರಲ್ಲಿ ಹೋಗುತ್ತದೆ. ತಪ್ಪು ನಾಲಿಗೆಯದೋ ಕಿವಿಯದೋ ಎಂದು ತೀರ್ಪು ಹೇಳುವಷ್ಟು ಹೊತ್ತೂ ಇರಲಿಲ್ಲ. ಆಪರೇಟರಮ್ಮ ಒದ್ದೆ ಸೀರೆಯ ಅಂಚು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. “ವಾಪಸ್ ಹೋಗ್ತಾಳೆ,” ಎಂದರು. ಅಂಚು ಹಿಂಡುತ್ತ, “ಹೋಗ್ಲಿ ಬಿಡು,” ಎಂದರು.

ಉಕ್ಕಿದ ನೀರನ್ನು ಇಳಿಸಿ, ಕೆಂಪು ಹನಿ ಬಿಟ್ಟು ನೋಡಿ, ತಿಳಿಯಣ್ಣ ಮತ್ತೆ ಪಟಿಕ ಹಾಕಿದರು. ಅದು ಬೆರೆಯಲೆಂದು ಮೋಟರು ಹಾಕಿ, ಒಂಬತ್ತು ಗಂಟೆಗೆ ಆರಿಸಿದರು. ಆಮೇಲೆ ಎರಡು ಕುರ್ಚಿ ತಂದು ಅಂಚಿನಲ್ಲಿ ಹಾಕಿದರು. ಈ ಸಲ ಕಾವಲು. ಕಾಗೆಯಿಂದಲ್ಲ, ಪಕ್ಕದ ಮನೆಯ ಚೆಂಡಿನಿಂದಲೂ ಅಲ್ಲ, ‘ಎಷ್ಟಾಯ್ತು ನೋಡೋಣ’ ಎಂದು ಗಳಿಗೆಗೊಮ್ಮೆ ಕೈ ಅದ್ದಲು ಬರುವ ಮನೆಯೊಡತಿಯಿಂದ. ಉಳಿದ ಏಳು ಕೊಳಗಳಿಗೆ ಅವತ್ತು ರಜೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಯಾಕೆ ಬರಲಿಲ್ಲ ಎಂದು ಒಂದು ಮನೆಯಿಂದಲೂ ಫೋನು ಬರಲಿಲ್ಲ. ತಿಳಿಯಣ್ಣ ಎರಡು ಸಲ ಫೋನು ತೆಗೆದು, ಕೆಟ್ಟಿದೆಯೇನೋ ಎಂದು ನೋಡಿದರು. ಕೆಟ್ಟಿರಲಿಲ್ಲ.

“ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಇದೇ. ಗುಡಿಸೋದು, ಸೋಸೋದು ಯಾರು ಬೇಕಾದ್ರೂ ಕಲೀತಾರೆ. ಕೈ ಕಟ್ಕೊಂಡು ಕೂರೋದು ಬರಲ್ಲ. ಹೊಸದಾಗಿ ಕೊಳ ಇಟ್ಕೊಂಡೋರು ಕೆಡಿಸೋದೇ ಇಲ್ಲಿ.”

ಮೋಟರಿಲ್ಲದ ಹಿತ್ತಲು ಬಹಳ ಮೌನ. ಹತ್ತು ಗಂಟೆಯ ಹೊತ್ತಿಗೆ ತಿಳಿಯಣ್ಣನಿಗೆ ತಡೆಯಲಾಗಲಿಲ್ಲ. “ಒಂದು ಮನೇಲಿ ಅಮ್ಮಾ, ನೀರು ಎಷ್ಟು ತಿಳಿಯಾಯ್ತು ಅಂದ್ರೆ...”

“ಹೂಂ,” ಎಂದರು ಆಪರೇಟರಮ್ಮ.

ತಿಳಿಯಣ್ಣ ತಬ್ಬಿಬ್ಬಾದರು. ಮನುಷ್ಯರ ಬಾಯಿಂದ ಆ ಶಬ್ದ ಬಂದು ಆರು ವರ್ಷವಾಗಿತ್ತು. ಯಜಮಾನರು ಎದ್ದರು, ಹೂಂ. ದೂರು ಕೊಟ್ಟರು, ಹೂಂ. ಪೊಲೀಸಪ್ಪ ಪುಸ್ತಕ ತೆಗೆದ...

“ಮೂರು ನಿಮಿಷ ಆಯ್ತು,” ಎಂದರು ಆಪರೇಟರಮ್ಮ. ಹೇಳಿ ತಾವೇ ಬಾಯಿ ಮುಚ್ಚಿಕೊಂಡರು. “ಅಯ್ಯೋ, ಅಭ್ಯಾಸಬಲ ಕಣಪ್ಪ. ಮೂರು ನಿಮಿಷ ಆದ್ರೆ ಲೈನು ಕತ್ತರಿಸ್ಬೇಕಿತ್ತು. ಎಷ್ಟು ಜನರ ಮಾತು ಕತ್ತರಿಸಿದೀನೋ! ಅಳ್ತಿದ್ದೋರು, ನಗ್ತಿದ್ದೋರು. ಯಾವ ಮಾತಿನ ಕೊನೇನೂ ಗೊತ್ತಿಲ್ಲ ನನಗೆ.” ನೀರಿನತ್ತ ತಿರುಗಿದರು. “ಅಕ್ಕಂದೂ ಹಾಗೇ ಮಾಡಿದೆ. ಯಾವುದಕ್ಕೆ ಜಗಳ ಅನ್ನೋದೇ ಮರ್ತುಹೋಗಿದೆ. ಅಮ್ಮನ ಬೀರು ಯಾರಿಗೆ ಅಂತ ಏನೋ ಶುರುವಾಯ್ತು. ಅವಳು ‘ನೀನು ನನಗೆ’ ಅಂದ್ಲು. ಅಷ್ಟರಲ್ಲಿ ಫೋನ್ ಇಟ್ಟುಬಿಟ್ಟೆ. ನೀನು ನನಗೆ ಏನು? ಏನು ಬೇಕಾದ್ರೂ ಇರಬಹುದು ಅಲ್ವಾ? ಹದಿನೆಂಟು ವರ್ಷದಿಂದ ಬೇರೆ ಬೇರೆ ಸೇರಿಸಿ ನೋಡ್ತಿದೀನಿ.”

ಪೊಲೀಸಪ್ಪನನ್ನು ತಿಳಿಯಣ್ಣ ಅಲ್ಲೇ ನಿಲ್ಲಿಸಿದರು. ಅವನಿಗೆ ರೂಢಿಯಿದೆ.

“ನೀರನ್ನ ಅದರ ಪಾಡಿಗೆ ಬಿಟ್ರೆ ತಿಳಿಯಾಗತ್ತಮ್ಮ,” ಎಂದರು. “ಮನುಷ್ಯರನ್ನ ಬಿಟ್ರೆ ಪಾಚಿ ಕಟ್ಟತ್ತೆ.”

“ಹೂಂ,” ಎಂದರು ಆಪರೇಟರಮ್ಮ. ಸಂಜೆಯವರೆಗೂ ಇಬ್ಬರೂ ಕೈ ಕಟ್ಟಿಕೊಂಡು ಕೂತಿದ್ದರು.

ಇವತ್ತು ಶನಿವಾರ. ನಾಲ್ಕನೇ ಮನೆಯ ಉಂಗುರದ ಸುತ್ತ ಗುಡಿಸಿಯಾಯಿತು, ಉಳಿದವು ಮಧ್ಯಾಹ್ನಕ್ಕೆ. ಆರೂವರೆಗೆ ತಿಳಿಯಣ್ಣ ಆಪರೇಟರಮ್ಮನ ಹಿತ್ತಲಿನಲ್ಲಿದ್ದಾರೆ. ತಳದಲ್ಲಿ ಬಿಳಿ ಕಂಬಳಿ ಹಾಸಿ ಮಲಗಿದೆ. ಅದನ್ನು ಎಬ್ಬಿಸದ ಹಾಗೆ ಕೋಲಿನ ತುದಿಗೆ ಹೀರುವ ತಟ್ಟೆ ಸಿಕ್ಕಿಸಿ, ನೀಲಿ ಪೈಪಿನಲ್ಲಿ ನೇರ ಚರಂಡಿಗೆ ಹರಿಸುತ್ತಾರೆ. ಒಂದು ಗೆರೆ ಎಳೆಯಲು ನಾಲ್ಕು ನಿಮಿಷ. ಮಲಗಿದ ಮಗುವಿನ ಕೆಳಗಿಂದ ಬಟ್ಟೆ ಎಳೆಯುವಾಗಲೂ ಯಾರೂ ಇಷ್ಟು ನಿಧಾನ ಮಾಡುವುದಿಲ್ಲ. ಎಂಟೂವರೆಗೆ ಇಳಿದಷ್ಟು ನೀರು ತುಂಬಿಸಿ, ನಲ್ಲಿ ನಿಲ್ಲಿಸಿ, ಅಲೆ ಅಡಗಲು ಕಾಯುತ್ತಾರೆ. ಜೇಬಿನಿಂದ ಗುಂಡಿ ತೆಗೆದು ಆಳದ ಕಡೆ ಬಿಡುತ್ತಾರೆ. ಬಗ್ಗಿ ನೋಡುತ್ತಾರೆ.

“ಒಂದು. ಎರಡು. ಮೂರು. ನಾಲ್ಕು.” ಮತ್ತೆ ಎಣಿಸುತ್ತಾರೆ. “ದಾರದ ಎಳೆ ಒಂದು ಉಳ್ಕೊಂಡಿದೆ. ಇಷ್ಟು ದಿನ ಕಂಡೇ ಇರ್ಲಿಲ್ಲ.”

ಮಡಿಕೆ ಬಿಡದ ಹೊಸ ಸೀರೆಯಲ್ಲಿ ಆಪರೇಟರಮ್ಮ ಕುರ್ಚಿಯಲ್ಲಿ ಕೂತಿದ್ದಾರೆ. “ಏನಾದ್ರೂ ಹೇಳಪ್ಪ. ಆ ಪೊಲೀಸಿನವನ ಕಥೇನೇ ಹೇಳು. ಇವತ್ತು ಕತ್ತರಿಸಲ್ಲ.”

ತಿಳಿಯಣ್ಣ ಗಂಟಲು ಸರಿಮಾಡಿಕೊಳ್ಳುತ್ತಾರೆ. ಲೀಟರು, ಹೂಂ. ಬಣ್ಣ, ಹೂಂ. ಪಕ್ಕದ ಮನೆಯ ಗಿಡ, ಹೂಂ. “ಹೆಜ್ಜೆ ಗುರುತು ನೋಡೋಣ ಅಂತ ಪೊಲೀಸಪ್ಪ ಬಲಗಾಲು ಎತ್ತಿ...”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು. ಕುರ್ಚಿ ಖಾಲಿ.

ತಿಳಿಯಣ್ಣನಿಗೆ ಬೇಸರವಿಲ್ಲ. ಬೆಳಗಿನ ಕುಕ್ಕರಿಗಿಂತ ಇದು ಒಳ್ಳೆಯ ಕಾರಣ. ಅವರು ಪೈಪು ಸುತ್ತಲು ಶುರುಮಾಡುತ್ತಾರೆ. ಕೋಲೂರಿಕೊಂಡು, ಒಂದು ಮಂಡಿಗೆ ಪಟ್ಟಿ ಕಟ್ಟಿಕೊಂಡು ಅಕ್ಕ ಬರುತ್ತಾರೆ. ಹಿಂದೆ ಎರಡು ಹೆಜ್ಜೆ ಬಿಟ್ಟು ತಂಗಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಗಾಳಿಯಿಲ್ಲ, ಮೋಟರಿಲ್ಲ. ಅಕ್ಕ ಅಂಚಿಗೆ ಬಂದು ಬಗ್ಗುತ್ತಾರೆ. ಹಣೆ ಗಂಟಾಗುತ್ತದೆ.

“ಏನೇ ಇದು? ನೀರೇ ತುಂಬಿಸಿಲ್ಲ! ಖಾಲಿ ಹೊಂಡ ತೋರಿಸೋಕೆ ಕರೆಸಿದ್ಯಾ ನನ್ನ?”

ಆಪರೇಟರಮ್ಮ ಬಾಯಿ ತೆರೆದು ತಿಳಿಯಣ್ಣನ ಕಡೆ ನೋಡುತ್ತಾರೆ. ತಿಳಿಯಣ್ಣ ಪೈಪು ಹಿಡಿದವರು ಹಾಗೇ ನಿಂತಿದ್ದಾರೆ. ಅಕ್ಕ ಇನ್ನೇನು ತಿರುಗಬೇಕು, ತಿರುಗುವ ಮೊದಲು ಇನ್ನೂ ಚೆನ್ನಾಗಿ ಬೈಯಲೋ ಏನೋ, ‘ಧೂಳು ನೋಡು ಎಷ್ಟಿದೆ’ ಎಂದು ಚಪ್ಪಲಿ ಬಿಟ್ಟು, ಬಲಗಾಲು ಎತ್ತಿ, ಮೊದಲನೇ ಮೆಟ್ಟಿಲಿಗೆ ಇಡುತ್ತಾರೆ.

ಛಳಕ್ ಎನ್ನುತ್ತದೆ.

ಇಪ್ಪತ್ತು ವರ್ಷ ಗಾಳಿಯಲ್ಲಿದ್ದ ಕಾಲು ಇಳಿಯಿತು.

“ಅಯ್ಯಮ್ಮಾ! ನೀರು!” ಎನ್ನುತ್ತಾರೆ ಅಕ್ಕ. ತಂಗಿಯ ಬಾಯಿಂದ ನಗು ಸಿಡಿಯುತ್ತದೆ. ಕೈ ಕೊಡಲು ಓಡಿ, ಹೊಸ ಸೀರೆಯಲ್ಲೇ ಮೊಣಕಾಲವರೆಗೆ ನೀರಿಗಿಳಿಯುತ್ತಾರೆ. “ಇವರು ಹೇಳ್ತಾನೇ ಇದ್ರು ಅಕ್ಕಾ, ನಾನು ನಂಬಿರ್ಲಿಲ್ಲ! ಏನಪ್ಪಾ, ಆಮೇಲೆ? ಕಾಲು ಎತ್ತಿದ, ಆಮೇಲೇನಾಯ್ತು?”

“ಇನ್ನೊಂದ್ಸಲ ಹೇಳ್ತೀನಮ್ಮ,” ಎನ್ನುತ್ತಾರೆ ತಿಳಿಯಣ್ಣ. “ಮಂಗಳವಾರ ಮರಳು ತೊಳೆಯೋಕೆ ಬರ್ತೀನಲ್ಲ. ತಿಳೀತಾ?”

ಇನ್ನು ಮೋಟರು ಹಾಕಬೇಕು. ಗೂಡಿಗೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಡುತ್ತಾರೆ. ಹಿಂದಿನಿಂದ ಅಕ್ಕನ ದನಿ ಕೇಳುತ್ತದೆ, ಮೆಲ್ಲಗೆ, ಮೂರನೇ ಮೆಟ್ಟಿಲಿನಿಂದ. “ಅವತ್ತು ಫೋನ್ ಇಟ್ಟುಬಿಟ್ಯಲ್ಲ. ಇನ್ನೊಂದು ಕ್ಷಣ ತಡೆದಿದ್ರೆ ಆಗ್ತಿತ್ತು. ನಾನು ಹೇಳೋಕೆ ಹೊರಟಿದ್ದು ಇಷ್ಟೇ ಕಣೇ...”

ತಿಳಿಯಣ್ಣ ಬೆರಳು ತೆಗೆಯುತ್ತಾರೆ. ಒಂದು ಗಂಟೆ ತಡವಾದರೆ ನೀರೇನೂ ಕೆಡುವುದಿಲ್ಲ, ಆಮೇಲೆ ಫೋನು ಮಾಡಿ ಆಪರೇಟರಮ್ಮನಿಂದಲೇ ಹಾಕಿಸಿದರಾಯಿತು. ತಳದಲ್ಲಿ ಗುಂಡಿ ಹಾಗೇ ಇದೆ, ಮಂಗಳವಾರ ಎತ್ತಿದರಾಯಿತು. ಕೋಲು ಹೆಗಲಿಗೇರಿಸಿ, ಪೈಪು ಕೊರಳಿಗೆ ಸುತ್ತಿಕೊಂಡು, ಸದ್ದಾಗದ ಹಾಗೆ ಹಿಂದಿನ ಗೇಟಿನತ್ತ ನಡೆಯುತ್ತಾರೆ.

“ಹೂಂ,” ಎನ್ನುತ್ತಾರೆ ತಂಗಿ.

ತಿಳಿಯಣ್ಣ ಗೇಟನ್ನು ಎರಡು ಬೆರಳಿನಲ್ಲಿ ಎತ್ತಿ ಸರಿಸುತ್ತಾರೆ.

“ನೀನು ನನಗೆ...”